ಟಿಪ್ಪುವಿನ ಬಂದೂಕು ಮತ್ತು ನಮ್ಮ ಫಿಟ್ಟಿಂಗ್ ಲ್ಯಾಬ್

ಫಸ್ಟ್ ಇಯರ್ ವರ್ಕ್‌ಶಾಪ್ ಲ್ಯಾಬ್ ನೆನಪಿದೆಯಾ? ಎರಡು ಎಂ.ಎಸ್. ಪ್ಲೇಟು ಕೊಟ್ಟು, ಒಂದರಲ್ಲಿ ವಿ ಆಕಾರದ ಕಚ್ಚು, ಇನ್ನೊಂದರಲ್ಲಿ ಅದಕ್ಕೆ ಕೂರುವ ಮೂತಿ ಮಾಡಿ ಅಂತ ಹೇಳಿದ್ರು. ಹ್ಯಾಕ್ಸಾ, ಅರ, ಟ್ರೈ ಸ್ಕ್ವೇರ್ ಅಷ್ಟೇ. ಮೂರು ಗಂಟೆ ಉಜ್ಜಿ ಉಜ್ಜಿ ಕೈ ಬೊಬ್ಬೆ ಬಂದ ಮೇಲೆ ಎರಡನ್ನೂ ಸೇರಿಸಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ರೆ, ನಡುವೆ ಕೂದಲಿನಷ್ಟು ಬೆಳಕು ಕಾಣ್ತಿತ್ತು. ಅಷ್ಟಕ್ಕೇ ವಾಪಸ್. ಇಷ್ಟು ಸಣ್ಣ ಸಂದಿಗೆ ಇಷ್ಟೊಂದು ರಂಪ ಯಾಕೆ ಅಂತ ನಾವೆಲ್ಲ ಕ್ಯಾಂಟೀನಿನಲ್ಲಿ ಕೂತು ಬೈಕೊಂಡಿದ್ವಿ. ಇವತ್ತು ಎಲ್ಲ ಸಿಎನ್‌ಸಿ ಮೆಷಿನ್ನೇ ಮಾಡುತ್ತೆ, ಅರ ಯಾರಿಗೆ ಬೇಕು ಅನ್ನೋದು ನಮ್ಮ ವಾದ.

ಆ ವಾದ ಕೊತ್ತಗೆರೆಯಲ್ಲಿ ಮುಗಿದುಹೋಯ್ತು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ನಮ್ಮ ಗುಂಪಿನ ಗೆಳೆಯನೊಬ್ಬನ ಮನೆ ಇದೆ. ಆಯುಧಪೂಜೆ ದಿನ ನಾವು ನಾಲ್ಕು ಜನ ಅಲ್ಲಿಗೆ ಹೋಗಿದ್ವಿ. ಟ್ರ್ಯಾಕ್ಟರ್, ನೇಗಿಲು, ಮಚ್ಚು, ಕುಡುಗೋಲು ಎಲ್ಲಕ್ಕೂ ಚೆಂಡು ಹೂವು ಇಟ್ಟಿದ್ರು. ಅದರ ಪಕ್ಕದಲ್ಲೇ ಒಂದು ಹಳೇ ನಾಡಬಂದೂಕು. ಹಂದಿ ಕಾಟಕ್ಕೆ ಅಂತ ಲೈಸೆನ್ಸ್ ತಗೊಂಡಿದ್ದು. ಎಲೆಕ್ಷನ್ ಬಂದಾಗೆಲ್ಲ ಠಾಣೆಗೆ ಒಪ್ಪಿಸಿ ಮತ್ತೆ ತರೋದು ವಾಡಿಕೆ. ತಾತ ಕುಂಕುಮ ಇಡೋಕೆ ಮುಂಚೆ ಒಂದು ಕೆಲಸ ಮಾಡಿದ್ರು. ಬಂದೂಕಿನ ಕೆಳಗೆ ಸಿಕ್ಕಿಸಿರೋ ಗಜವನ್ನು ತೆಗೆದು ನಳಿಗೆಯೊಳಗೆ ಇಳಿಬಿಟ್ರು. ತಳಕ್ಕೆ ತಾಗಿ ಟಣ್ ಅಂತು. ಟಣ್ ಅಂದ್ರೆ ಖಾಲಿ, ಡಬ್ ಅಂದ್ರೆ ಒಳಗೆ ಮದ್ದಿದೆ ಅಂತ ಅರ್ಥವಂತೆ. ವರ್ಷಗಟ್ಟಲೆ ಹೊಡೆಯದ ಬಂದೂಕಿಗೂ ಈ ಪರೀಕ್ಷೆ ತಪ್ಪಿಸೋ ಹಾಗಿಲ್ಲ.

ಆಗ ನಾವು ನೋಡಿದ್ದು ತಾತನ ಬಲಗೈ. ಹೆಬ್ಬೆರಳಿನ ತುದಿ ಇಲ್ಲ. ಹರೆಯದಲ್ಲಿ ಕೇಪು ಕೂರಿಸೋ ಸಣ್ಣ ಕೊಳವೆಯ ಮರೆ ಸವೆದು ಸಡಿಲ ಆಗಿತ್ತಂತೆ. ಹೊಸದು ಹಾಕಿಸೋ ಬದಲು ನೂಲು ಸುತ್ತಿ ತಿರುಗಿಸಿ ಬಿಗಿ ಮಾಡಿದ್ರು. ನಾಲ್ಕು ಈಡು ಚೆನ್ನಾಗೇ ಹೋಯ್ತು. ಐದನೇದಕ್ಕೆ ಕೊಳವೆಯೇ ಹಿಂದಕ್ಕೆ ಹಾರಿತು. ಕೂದಲಿನಷ್ಟು ಸಂದಿ, ಒಂದು ಬೆರಳಿನ ತುದಿ. ನಮ್ಮ ಫಿಟ್ಟಿಂಗ್ ಲ್ಯಾಬ್‌ನ ಟ್ಯೂಬ್‌ಲೈಟ್ ಬೆಳಕು ನಮಗೆ ನೆನಪಾಯ್ತು.

ಅಲ್ಲಿಂದ ಬಂದ ಮೇಲೆ ನಮ್ಮ ಕಡೆ ಬಂದೂಕು ಮಾಡಿದವರು ಯಾರು ಅಂತ ಹುಡುಕೋಕೆ ಶುರು ಮಾಡಿದ್ವಿ. ಹುಡುಕಿದಲ್ಲೆಲ್ಲ ಸಿಕ್ಕಿದ್ದು ಒಂದೇ ಹೆಸರು, ಟಿಪ್ಪು ಸುಲ್ತಾನ್. ಟಿಪ್ಪು ಅಂದ ತಕ್ಷಣ ಎಲ್ಲರೂ ರಾಕೆಟ್ ಬಗ್ಗೆ ಬರೀತಾರೆ, ಅಥವಾ ಜಗಳ ಆಡ್ತಾರೆ. ನಾವು ಅವನ ಬದುಕನ್ನು ಅವನ ಬಂದೂಕಿನ ಕಡೆಯಿಂದ ಹೇಳೋಕೆ ಹೊರಟಿದ್ದೀವಿ.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, 1750ರಲ್ಲಿ. ತಾಯಿ ಫಾತಿಮಾ ಫಕ್ರುನ್ನೀಸಾ. ತಂದೆ ಹೈದರ್ ಅಲಿ ಕೋಲಾರದ ಕಡೆಯ ಬೂದಿಕೋಟೆಯವನು. ಹೈದರ್‌ಗೆ ಓದು ಬರಹ ಬರ್ತಿರಲಿಲ್ಲ, ಆದ್ರೆ ಬಂದೂಕು, ಫಿರಂಗಿ, ಮದ್ದು ಇವುಗಳ ಬೆಲೆ ಚೆನ್ನಾಗಿ ಗೊತ್ತಿತ್ತು. ಸಾಮಾನ್ಯ ಸಿಪಾಯಿಯಾಗಿ ಮೈಸೂರು ಸೈನ್ಯ ಸೇರಿ ಇಡೀ ರಾಜ್ಯದ ಅಧಿಕಾರ ಕೈಗೆ ತಗೊಂಡವನು ಅವನು. ನಮ್ಮ ಜಿಲ್ಲೆಯ ಶಿರಾ ಅವನ ಕೈಗೆ ಬಂದಿದ್ದು 1761ರಲ್ಲಿ. ಶಿರಾದ ನವಾಬ ಅನ್ನೋ ಬಿರುದು ಸಿಕ್ಕಿದ್ದೂ ಆಗಲೇ. ಹಾಗಾಗಿ ಈ ಕಥೆ ನಮ್ಮ ತುಮಕೂರು ಸೀಮೆಗೆ ದೂರದ್ದೇನಲ್ಲ.

ತನಗೆ ಸಿಗದ ಓದನ್ನು ಹೈದರ್ ಮಗನಿಗೆ ಕೊಡಿಸಿದ. ಪರ್ಷಿಯನ್, ಕನ್ನಡ, ಕುದುರೆ ಸವಾರಿ, ಗುರಿ ಇಡೋದು ಎಲ್ಲವನ್ನೂ ಟಿಪ್ಪು ಕಲಿತ. ತಂದೆಯ ಸೈನ್ಯದಲ್ಲಿದ್ದ ಫ್ರೆಂಚ್ ಅಧಿಕಾರಿಗಳಿಂದ ಯುರೋಪಿನ ಕವಾಯತು ಕಲಿತ. ಮೊದಲನೇ ಮೈಸೂರು ಯುದ್ಧ ಶುರುವಾದಾಗ ಅವನಿಗೆ ಹೆಚ್ಚು ಕಡಿಮೆ ನಮ್ಮ ವಯಸ್ಸೇ. ಆಗಲೇ ಕುದುರೆ ದಳದ ಜೊತೆ ಮದರಾಸಿನ ಬಾಗಿಲವರೆಗೂ ಹೋಗಿ ಬಂದ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿದರು. ಆ ದಿನ ಬೇಲಿಯ ಮದ್ದಿನ ಗಾಡಿಗಳು ಯುದ್ಧದ ಮಧ್ಯೆಯೇ ಸ್ಫೋಟಗೊಂಡವು. ಮದ್ದು ಯಾರ ಪಕ್ಷಾನೂ ವಹಿಸಲ್ಲ, ಎಲ್ಲಿ ಬೆಂಕಿ ತಾಗಿದರೆ ಅಲ್ಲೇ ಸಿಡಿಯುತ್ತೆ. ಹತ್ತೊಂಬತ್ತು ವರ್ಷ ಆದ ಮೇಲೆ ಇದೇ ಮಾತು ಟಿಪ್ಪುವಿನ ಕೋಟೆಯಲ್ಲೂ ನಿಜವಾಯ್ತು. ಅದು ಆಮೇಲೆ ಬರುತ್ತೆ.

1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರ ಹೈದರ್ ತೀರಿಕೊಂಡಾಗ ಟಿಪ್ಪು ಮಲಬಾರ್ ಕಡೆ ಯುದ್ಧದಲ್ಲಿದ್ದ. ಸುದ್ದಿ ಬರುತ್ತಲೇ ಓಡಿ ಬಂದು ಸೈನ್ಯದ ಹೊಣೆ ತಗೊಂಡ. 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದ ಆಗಿ ಎರಡನೇ ಯುದ್ಧ ನಿಂತಿತು. ಬಂದೂಕಿನ ಕಾರ್ಖಾನೆಗಳಿಗೆ ಅವನು ನಿಜವಾಗಿ ಗಮನ ಕೊಟ್ಟಿದ್ದು ಇದಾದ ಮೇಲೆ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ, ಈ ನಾಲ್ಕು ಕಡೆ ತಾರಾಮಂಡಲ ಪೇಟೆ ಅನ್ನೋ ಹೆಸರಿನ ಕಾರ್ಖಾನೆಗಳು ಬಂದವು. ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಸುತ್ತಮುತ್ತ ಓಡಾಡೋರಿಗೆ ತಾರಾಮಂಡಲ್‌ಪೇಟೆ ಹೆಸರು ಇವತ್ತಿಗೂ ಗೊತ್ತು. ನಮ್ಮ ಕುಣಿಗಲ್ಲಿನ ಕುದುರೆ ಫಾರಂ ಕೂಡ ಅವನ ಕಾಲದಲ್ಲಿ ಸೈನ್ಯದ ಕುದುರೆಗಳಿಗಾಗಿ ಶುರುವಾಗಿದ್ದು ಅಂತ ಊರಲ್ಲಿ ಹೇಳ್ತಾರೆ.

ಕುದುರೆ ಅಂದಾಗ ನೆನಪಾಯ್ತು. ಬಂದೂಕಿಗೂ ಒಂದು ಕುದುರೆ ಇರುತ್ತೆ. ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸೋ ಭಾಗಕ್ಕೆ ನಮ್ಮ ಕಡೆ ಕುದುರೆ ಅಂತಾನೇ ಹೆಸರು. ಟಿಪ್ಪು ಕಾಲದ ಬಂದೂಕಿನಲ್ಲಿ ಆ ಕುದುರೆಯ ಬಾಯಲ್ಲಿ ಒಂದು ಚಕಮಕಿ ಕಲ್ಲು ಕಚ್ಚಿಸಿರ್ತಿದ್ರು. ಟ್ರಿಗರ್ ಒತ್ತಿದರೆ ಕುದುರೆ ಮುಂದಕ್ಕೆ ಬಡಿದು, ಕಲ್ಲು ಉಕ್ಕಿನ ತುಂಡಿಗೆ ಉಜ್ಜಿ ಕಿಡಿ ಹಾರುತ್ತೆ. ಆ ಕಿಡಿ ಪಕ್ಕದ ಸಣ್ಣ ಬಟ್ಟಲಿನಲ್ಲಿರೋ ರಂಜಕದ ಪುಡಿಗೆ ಬೀಳುತ್ತೆ. ಅಲ್ಲಿಂದ ಬೆಂಕಿ ನಳಿಗೆಯ ಕಿವಿ ಅನ್ನೋ ತೂತಿನ ಮೂಲಕ ಒಳಗಿನ ಮದ್ದಿಗೆ ಹೋಗುತ್ತೆ. ಅದಕ್ಕೂ ಮುಂಚಿನ ಬತ್ತಿ ಕೋವಿಯಲ್ಲಿ ಉರಿಯೋ ಬತ್ತಿಯನ್ನೇ ಕೈಯಲ್ಲಿ ಇಟ್ಕೋಬೇಕಿತ್ತು. ಮಳೆ ಬಂದ್ರೆ ಬತ್ತಿ ಆರುತ್ತೆ, ಬಿಸಿಲಿದ್ರೆ ಪಕ್ಕದವನ ಮದ್ದಿನ ಚೀಲಕ್ಕೆ ಕಿಡಿ ಹಾರುತ್ತೆ. ಹಾಗಾಗಿ ಚಕಮಕಿ ಬಂದೂಕು ಆಗಿನ ಕಾಲಕ್ಕೆ ದೊಡ್ಡ ಟೆಕ್ನಾಲಜಿ.

ಈಗ ಫಿಟ್ಟಿಂಗ್ ವಿಷಯಕ್ಕೆ ಬರೋಣ. ಇಂಥ ಬಂದೂಕಿನಲ್ಲಿ ಇರೋದು ಮೂರೇ ದೊಡ್ಡ ಭಾಗ: ನಳಿಗೆ, ಕುದುರೆ ಇರೋ ಚಾಪು, ಮರದ ಹಿಡಿ. ಮೂರನ್ನೂ ಬೇರೆ ಬೇರೆ ಕೈಗಳು ಮಾಡ್ತವೆ. ಜೀವ ಇರೋದು ಅವು ಸೇರೋ ಜಾಗದಲ್ಲಿ.

ಮೊದಲು ನಳಿಗೆಯ ಹಿಂದಿನ ಬಾಯಿ. ಅದನ್ನು ಮರೆ ಇರೋ ಒಂದು ಬಿರಡೆಯಿಂದ ಮುಚ್ಚಬೇಕು. ಬಿರಡೆಯ ಮುಖ ಒಳಗಿನ ಮೆಟ್ಟಿಲಿಗೆ ಪೂರ್ತಿ ಒತ್ತಿ ಕೂರಬೇಕು. ಒಂದು ಸುತ್ತು ಕಡಿಮೆ ಆದ್ರೂ ಅಲ್ಲಿ ಸಂದಿ ಉಳಿದು, ಮದ್ದಿನ ಕಸ ಕೂತು, ತುಕ್ಕು ಹಿಡಿದು ಮರೆ ತಿಂದುಹಾಕುತ್ತೆ. ಕೊನೆಗೆ ಒಂದು ದಿನ ಬಿರಡೆ ಹಾರೋದು ಹಿಂದಕ್ಕೇ, ಅಂದ್ರೆ ಗುರಿ ಇಟ್ಟವನ ಮುಖಕ್ಕೇ. ಆಮೇಲೆ ಕಿವಿ ಮತ್ತು ಬಟ್ಟಲು ಎದುರು ಬದುರು ಸರಿಯಾಗಿ ಕೂರಬೇಕು. ಕಿವಿ ತೀರಾ ಕೆಳಗಿದ್ರೆ ರಂಜಕ ಅದನ್ನೇ ಮುಚ್ಚಿ, ಬೆಂಕಿ ನಿಧಾನ ಆಗುತ್ತೆ. ಒತ್ತಿ ಏನೂ ಆಗಲಿಲ್ಲ ಅಂತ ಬಂದೂಕು ಇಳಿಸಿದ ಮೇಲೆ ಈಡು ಹಾರಿದ್ರೆ ಯಾರಿಗೆ ತಾಗುತ್ತೋ ಹೇಳೋಕಾಗಲ್ಲ.

ಮೂರನೇದು ಮರ. ಚಾಪು ಕೂರೋಕೆ ಹಿಡಿಯಲ್ಲಿ ಗೂಡು ಕೊರೀಬೇಕು. ಸಡಿಲ ಆದ್ರೆ ಪ್ರತಿ ಈಡಿಗೂ ಅಲುಗಾಡುತ್ತೆ. ತೀರಾ ಬಿಗಿ ಆದ್ರೆ ಮಳೆಗಾಲಕ್ಕೆ ಮರ ಉಬ್ಬಿ ಒಳಗಿನ ಸ್ಪ್ರಿಂಗಿಗೆ ಉಜ್ಜುತ್ತೆ. ಆಗ ಕುದುರೆಯ ಅರ್ಧ ಎಳೆತದ ಕಚ್ಚು ಪೂರ್ತಿ ಕಚ್ಚೋದಿಲ್ಲ. ಆ ಕಚ್ಚು ಅಂದ್ರೆ ಇವತ್ತಿನ ಸೇಫ್ಟಿ ಲಾಕ್ ಇದ್ದ ಹಾಗೆ. ಅದಿಲ್ಲದಿದ್ರೆ ಬಂದೂಕು ಕೆಳಗೆ ಬಿದ್ದರೂ ಸಾಕು. ಅದಕ್ಕೇ ಬಡಗಿ ಲೋಹಕ್ಕೆ ಮಸಿ ಬಳಿದು ಗೂಡಿನಲ್ಲಿ ಒತ್ತಿ, ಮಸಿ ಹತ್ತಿದ ಜಾಗ ಮಾತ್ರ ಕೆತ್ತಿ, ಮತ್ತೆ ಒತ್ತಿ ನೋಡ್ತಾನೆ. ಒಂದೇ ಏಟಿಗೆ ಕೆತ್ತಿದ್ರೆ ಕೆಟ್ಟ ಹಾಗೆ, ತೆಗೆದ ಮರ ವಾಪಸ್ ಬರಲ್ಲ. ಎಲ್ಲಾ ಮುಗಿದ ಮೇಲೂ ನಳಿಗೆಯನ್ನು ಸುಮ್ಮನೆ ನಂಬೋದಿಲ್ಲ. ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ, ಕಟ್ಟಿಹಾಕಿ, ದೂರ ನಿಂತು ಹಾರಿಸಿ ನೋಡೋದು ಬಂದೂಕು ಕಸುಬಿನ ಹಳೇ ಪದ್ಧತಿ. ಸೀಳು ಬಿಡದೆ ಉಳಿದ ನಳಿಗೆ ಮಾತ್ರ ಪಾಸು.

ಟಿಪ್ಪುವಿನ ಸ್ವಂತ ಬಂದೂಕುಗಳಲ್ಲಿ ಈ ಜೋಡಣೆಯ ಕೆಲಸ ಬಹಳ ಎತ್ತರಕ್ಕೆ ಹೋಗಿತ್ತು. ಕೆಲವದರ ಕುದುರೆಯೇ ಹುಲಿಯ ಆಕಾರದಲ್ಲಿದೆ. ನಳಿಗೆಯ ಮೇಲೆ ಹುಲಿಪಟ್ಟೆ, ಹೈದರ್ ಹೆಸರಿನ ಮುದ್ರೆ, ಅವನೇ ಶುರು ಮಾಡಿದ ಮೌಲೂದಿ ಲೆಕ್ಕದ ವರ್ಷ. ಆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಪಿಸ್ತೂಲುಗಳನ್ನು ಜೋಡಿಯಾಗಿ ಮಾಡಿಸುವಾಗ ಒಂದಕ್ಕೆ ಬಲಗಡೆ, ಇನ್ನೊಂದಕ್ಕೆ ಎಡಗಡೆ ಚಾಪು ಇಡಿಸಿದ್ದೂ ಉಂಟು, ಕನ್ನಡಿಯಲ್ಲಿ ನೋಡಿದ ಹಾಗೆ. ಒಂದು ಬೇಟೆ ಬಂದೂಕಂತೂ ಒಂದೇ ನಳಿಗೆಯಲ್ಲಿ ಎರಡು ಈಡನ್ನು ಒಂದರ ಮೇಲೊಂದು ತುಂಬೋ ಥರ ಇದೆ. ಮುಂದಿನದು ಮೊದಲು ಹಾರಬೇಕು, ಆಮೇಲೆ ಹಿಂದಿನದು. ನಡುವಿನ ಗುಂಡು ನಳಿಗೆಗೆ ಸರಿಯಾಗಿ ಕೂರದೆ ಬೆಂಕಿ ಹಿಂದಕ್ಕೆ ನುಸುಳಿದರೆ ಎರಡೂ ಒಟ್ಟಿಗೆ ಸಿಡಿಯುತ್ತೆ. ಅಂಥದ್ದನ್ನು ಅರದಿಂದ ಉಜ್ಜಿ ಮಾಡಿದವರ ಕೈ ಎಂಥದ್ದಿರಬೇಕು ಅಂತ ವಿ ಜಾಯಿಂಟ್ ಕೆಡಿಸಿಕೊಂಡ ನಮಗೆ ಚೆನ್ನಾಗಿ ಅರ್ಥ ಆಗುತ್ತೆ. ಅಸದ್ ಖಾನ್ ಮುಹಮ್ಮದ್, ಸೈಯದ್ ಮಾಸೂಮ್ ಅಂತ ಕೆಲವರ ಹೆಸರು ಬಂದೂಕಿನ ಮೇಲೇ ಕೆತ್ತಿದೆ. ಉಳಿದ ನೂರಾರು ಕಮ್ಮಾರರು, ಬಡಗಿಗಳ ಹೆಸರು ಎಲ್ಲೂ ಇಲ್ಲ.

ಇಷ್ಟಿದ್ದರೂ ಟಿಪ್ಪುಗೆ ಸಾಕಾಗಲಿಲ್ಲ. 1787ರಲ್ಲಿ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳಿಸಿದ. 1788ರ ಆಗಸ್ಟ್‌ನಲ್ಲಿ ಅವರು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಸೈನ್ಯದ ಸಹಾಯದ ಜೊತೆಗೆ ಕಸುಬುದಾರರನ್ನೂ ಕೇಳಿದರು. ಸೈನ್ಯ ಸಿಗಲಿಲ್ಲ, ಕೆಲವು ಕುಶಲಕರ್ಮಿಗಳು ಮಾತ್ರ ಅವರ ಜೊತೆ ಬಂದರು. ರಾಯಭಾರಿಗಳು ವಾಪಸ್ ಬಂದ 1789ರಲ್ಲೇ ಫ್ರಾನ್ಸಿನಲ್ಲಿ ಕ್ರಾಂತಿ ಆಯ್ತು, ರಾಜನ ಕಥೆಯೇ ಮುಗಿಯುತ್ತಾ ಬಂತು.

ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಒನೊರೆ ಬ್ಲಾಂಕ್ ಅನ್ನೋ ಬಂದೂಕು ಕುಶಲಕರ್ಮಿ ಒಂದು ಹೊಸ ಕೆಲಸ ಮಾಡ್ತಿದ್ದ. ಚಾಪಿನ ಬಿಡಿಭಾಗಗಳನ್ನೆಲ್ಲ ಒಂದೇ ಅಳತೆಗೆ ಮಾಡಿ, ರಾಶಿಯಿಂದ ಯಾವುದನ್ನು ತಗೊಂಡ್ರೂ ಕೂರೋ ಹಾಗೆ ಮಾಡಿದ. 1790ರಲ್ಲಿ ಪ್ಯಾರಿಸ್‌ನ ವಿಜ್ಞಾನಿಗಳ ಎದುರು ಅದನ್ನು ತೋರಿಸಿದ. ನಾವು ಎರಡನೇ ವರ್ಷದಲ್ಲಿ ಟಾಲರೆನ್ಸ್, ಲಿಮಿಟ್ಸ್ ಅಂಡ್ ಫಿಟ್ಸ್ ಅಂತ ಓದ್ತೀವಲ್ಲ, ಅದರ ಬೇರು ಇಲ್ಲಿದೆ. ಕೈಯಲ್ಲಿ ಉಜ್ಜಿ ಮಾಡಿದ ಬಂದೂಕಿನ ತೊಂದರೆ ಏನಂದ್ರೆ ಒಂದರ ಭಾಗ ಇನ್ನೊಂದಕ್ಕೆ ಕೂರಲ್ಲ. ಯುದ್ಧದ ಮಧ್ಯೆ ಸ್ಪ್ರಿಂಗ್ ಮುರಿದರೆ ಇಡೀ ಬಂದೂಕು ಮೂಲೆಗೆ. ಟಿಪ್ಪು ಕೇಳಿದ್ದು ಕಸುಬುದಾರರನ್ನು, ಮುಂದಿನ ಕಾಲ ಹೋಗಿದ್ದು ಅಳತೆಯ ಕಡೆಗೆ.

ಮೂರನೇ ಯುದ್ಧ ನಮ್ಮ ತಾಲ್ಲೂಕಿನ ಬೆಟ್ಟಗಳಿಗೇ ಬಂತು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಆ ವರ್ಷ ಜೂನ್‌ನಲ್ಲಿ ಹುಲಿಯೂರುದುರ್ಗ ಇಂಗ್ಲಿಷರ ಕೈ ಸೇರಿತು. ಡಿಸೆಂಬರ್ 21ಕ್ಕೆ ಸಾವನದುರ್ಗ, ಮೂರೇ ದಿನ ಬಿಟ್ಟು ಹುತ್ರಿದುರ್ಗ ಬಿತ್ತು. ಹುಲಿಯೂರುದುರ್ಗ, ಹುತ್ರಿದುರ್ಗ ಎರಡೂ ಕೊತ್ತಗೆರೆಯ ಹಾಗೇ ಕುಣಿಗಲ್ ತಾಲ್ಲೂಕಿನ ಹೋಬಳಿಗಳು. ಟ್ರೆಕ್ಕಿಂಗ್ ಹೋಗಿ ಸೆಲ್ಫಿ ತಗೊಳ್ಳೋ ಜಾಗದಲ್ಲಿ ನಮ್ಮದೇ ಊರುಗಳ ಸಿಪಾಯಿಗಳು ಬಂದೂಕು ಹಿಡಿದು ನಿಂತಿದ್ರು ಅಂತ ನಮಗೆ ಯಾರೂ ಹೇಳಿರಲಿಲ್ಲ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಒತ್ತೆ ಇಟ್ಟ. ಮಕ್ಕಳು ವಾಪಸ್ ಬಂದಿದ್ದು 1794ರಲ್ಲಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದ್ರೆ ತಪ್ಪಾಗುತ್ತೆ. ಇದೇ ಬಂದೂಕುಗಳು ಕೊಡಗಿನ ಮೇಲೂ ಹೋದವು. ಕೊಡಗಿನವರು, ಮಂಗಳೂರಿನ ಕ್ಯಾಥೊಲಿಕರು ಸಾವಿರಾರು ಜನ ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಹೋದರು, ಎಷ್ಟೋ ಜನ ವಾಪಸ್ ಬರಲಿಲ್ಲ. ನಮ್ಮ ಕ್ಲಬ್ಬಿನಲ್ಲೇ ಆ ಕಡೆಯ ಗೆಳೆಯರಿದ್ದಾರೆ, ಅವರ ಮನೆಯಲ್ಲಿ ಈ ಹೆಸರನ್ನು ಬೇರೆ ಥರ ನೆನೆಸ್ತಾರೆ. ಕೊಡಗಿನ ಗೆಳತಿ ಕೈಲ್ ಪೊಳ್ದ್ ಹಬ್ಬಕ್ಕೆ ಅವರ ಮನೆಯಲ್ಲೂ ಕೋವಿ ಪೂಜೆ ಮಾಡೋದನ್ನು ಹೇಳಿದಾಗ, ಕೊತ್ತಗೆರೆಯ ಆಯುಧಪೂಜೆ ನಮಗೆ ಬೇರೆ ಥರ ಕಾಣಿಸಿತು. ಕೆಲಸದ ನಾಜೂಕನ್ನು ಮೆಚ್ಚೋದು ಬೇರೆ, ಅದು ಯಾರ ಎದೆಗೆ ಗುರಿ ಇಟ್ಟಿತ್ತು ಅಂತ ಕೇಳೋದು ಬೇರೆ. ಎಂಜಿನಿಯರ್ ಆಗೋರು ಎರಡನ್ನೂ ಮಾಡಬೇಕು ಅಂತ ನಮಗೆ ಅನಿಸುತ್ತೆ.

1799ರ ಏಪ್ರಿಲ್‌ನಲ್ಲಿ ಇಂಗ್ಲಿಷರು ಮತ್ತು ನಿಜಾಮನ ಸೈನ್ಯ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವು. ಮೇ 2ರಂದು ಹೊರಗಿನಿಂದ ಬಂದ ಒಂದು ಗುಂಡು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ಬಿದ್ದು ದೊಡ್ಡ ಸ್ಫೋಟ ಆಯ್ತು. ಪೊಲ್ಲಿಲೂರಿನಲ್ಲಿ ಬೇಲಿಗೆ ಆಗಿದ್ದು ಇಲ್ಲಿ ಟಿಪ್ಪುಗೆ ಆಯ್ತು. ಮೇ 4ರ ಮಧ್ಯಾಹ್ನ ಗೋಡೆಯ ಬಿರುಕಿನಿಂದ ಶತ್ರುಗಳು ನುಗ್ಗಿದರು. ಟಿಪ್ಪು ಊಟಕ್ಕೆ ಕೂತವನು ಎದ್ದು ಬಂದ. ಸೇವಕರು ಬೇಟೆ ಬಂದೂಕುಗಳನ್ನು ತುಂಬಿ ತುಂಬಿ ಕೊಡ್ತಾ ಇದ್ರು, ಅವನು ಹಾರಿಸ್ತಾ ಇದ್ದ. ಗಾಯಗೊಂಡು ಕೋಟೆ ಬಾಗಿಲ ಹತ್ತಿರ ಬಿದ್ದ. ರಾತ್ರಿ ದೀಪ ಹಿಡಿದು ಹುಡುಕಿದಾಗ ಹೆಣಗಳ ರಾಶಿಯ ನಡುವೆ ಸಿಕ್ಕಿದ. ಮಾರನೇ ದಿನ ಗುಂಬಜ್‌ನಲ್ಲಿ ತಂದೆ ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು.

ಗೆದ್ದವರು ಲೆಕ್ಕ ಹಾಕಿದಾಗ ಕೋಟೆಯಲ್ಲಿ 929 ಫಿರಂಗಿ, ಒಂದು ಲಕ್ಷದ ಹತ್ತಿರ ಬಂದೂಕು ಇದ್ದವು. ಇಷ್ಟಿದ್ದೂ ಕೋಟೆ ಯಾಕೆ ಉಳಿಯಲಿಲ್ಲ? ಒಳಗಿನವರ ಮೋಸ ಅಂತ ಹೇಳೋರಿದ್ದಾರೆ, ಕೂಡಿ ಬರದ ಸ್ನೇಹಗಳು ಅಂತ ಹೇಳೋರಿದ್ದಾರೆ. ನಮಗೆ ಹೊಳೆದಿದ್ದು ಇಷ್ಟು: ಬಿಡಿಭಾಗ ಎಷ್ಟೇ ಚೆನ್ನಾಗಿದ್ದರೂ ಸೇರೋ ಜಾಗದಲ್ಲಿ ಸಂದಿ ಇದ್ರೆ ಬೆಂಕಿ ಅಲ್ಲಿಂದಲೇ ಬರುತ್ತೆ. ಮೈಸೂರು, ಮರಾಠರು, ನಿಜಾಮ ಒಟ್ಟಿಗೆ ಕೂರಲೇ ಇಲ್ಲ.

ಅವನ ಒಳ್ಳೊಳ್ಳೆ ಬಂದೂಕುಗಳು ಲೂಟಿಯಾಗಿ ಇಂಗ್ಲೆಂಡಿನ ಸಂಗ್ರಹಗಳಿಗೆ ಹೋದವು. ಇಲ್ಲಿ ಉಳಿದಿದ್ದು ಮದ್ದಿನ ಮನೆಗಳು. ಅದರಲ್ಲಿ ಒಂದು ರೈಲ್ವೆ ಜೋಡಿ ಹಳಿಗೆ ಅಡ್ಡ ಬಂದಾಗ, 2017ರಲ್ಲಿ ಇಟ್ಟಿಗೆ ಗಾರೆ ಸಮೇತ ಇಡೀ ಕಟ್ಟಡವನ್ನೇ ಹೈಡ್ರಾಲಿಕ್ ಜಾಕ್ ಕೊಟ್ಟು ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಒಂದು ಇಟ್ಟಿಗೆ ಕೆಡವದೆ ಜಾಗ ಬದಲಾಯಿಸಿದ್ದು ನಮ್ಮ ಸಿವಿಲ್ ಬ್ರಾಂಚಿನವರು ಹೋಗಿ ನೋಡಲೇಬೇಕಾದ ಕೆಲಸ. ಶ್ರೀರಂಗಪಟ್ಟಣ ಸ್ಟೇಷನ್ನಿನ ಹತ್ತಿರವೇ ಇದೆ.

ಕೊನೆಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಇಂಥ ಹಳೇ ಮಾದರಿಯ ಬಂದೂಕಿನ ಕಿಟ್ ಸಿಗುತ್ತೆ, ನಳಿಗೆ, ಚಾಪು, ಮರ ಎಲ್ಲ ಡಬ್ಬಿಯಲ್ಲಿ ಬರುತ್ತೆ, ಹವ್ಯಾಸದವರು ಮನೆಯಲ್ಲೇ ಉಜ್ಜಿ ಜೋಡಿಸ್ತಾರೆ. ವಿಡಿಯೋ ನೋಡಿ ನಮ್ಮಲ್ಲಿ ಒಬ್ಬನಿಗೆ ಆಸೆ ಹುಟ್ಟಿತ್ತು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ಮಾಡೋಕೆ ಮಾತ್ರ ಅಲ್ಲ, ರಿಪೇರಿಗೂ ಪರೀಕ್ಷೆಗೂ ಲೈಸೆನ್ಸ್ ಬೇಕು. ಕಾನೂನು ಕೇಳದಿದ್ರೆ ತಾತನ ಹೆಬ್ಬೆರಳನ್ನಾದರೂ ನೆನೆಸ್ಕೊಳ್ಳಿ ಅಂತ ನಾವು ಅವನಿಗೆ ಹೇಳಿದ್ವಿ.

ಕೊತ್ತಗೆರೆಯಿಂದ ಹೊರಡೋ ಮುಂಚೆ ತಾತ ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ರು. ಇಡೋಕೆ ಮುಂಚೆ ಮತ್ತೊಮ್ಮೆ ಗಜ ಇಳಿಬಿಟ್ರು. ಬೆಳಿಗ್ಗೆಯಿಂದ ಅದು ನಮ್ಮೆಲ್ಲರ ಕಣ್ಣೆದುರೇ ಇತ್ತು, ಯಾರೂ ಮುಟ್ಟಿರಲಿಲ್ಲ. ಆದ್ರೂ ಟಣ್ ಅನ್ನೋ ಸದ್ದು ಕೇಳಿದ ಮೇಲೇ ಬಾಗಿಲು ಹಾಕಿದ್ದು. ಈ ಸೆಮಿಸ್ಟರ್ ಜೂನಿಯರ್‌ಗಳು ಫಿಟ್ಟಿಂಗ್ ಲ್ಯಾಬ್ ಬಗ್ಗೆ ಗೊಣಗಿದಾಗ ನಾವು ಈ ಕಥೆ ಹೇಳ್ತಿದ್ದೀವಿ.